ಕಾರಿನ ವಾಯುರೋಧವನ್ನು ಮನೆಮಟ್ಟದಲ್ಲಿ ತಗ್ಗಿಸುವ ಬಗೆ

ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುವ ಕಾರಿನ ಎಂಜಿನ್ ಮುಖ್ಯವಾಗಿ ಎರಡು ತಡೆಗಳನ್ನು ಗೆಲ್ಲಬೇಕಾಗುತ್ತದೆ. ಮೊದಲನೆಯದು ಉರುಳು ಘರ್ಷಣೆ, ಅಂದರೆ ಭಾರ ಹೊತ್ತ ಟೈರು ಉರುಳುವಾಗ ಅದರ ರಬ್ಬರು ಅಮುಕಿ ಮತ್ತೆ ಸಡಿಲಗೊಳ್ಳುವುದರಲ್ಲಿ ಶಕ್ತಿ ನಷ್ಟವಾಗಿ ಹುಟ್ಟುವ ತಡೆ. ಎರಡನೆಯದು ವಾಯುರೋಧ, ಅಂದರೆ ಕಾರು ತನ್ನೆದುರಿನ ಗಾಳಿಯನ್ನು ಬದಿಗೆ ಸರಿಸಿ, ತನ್ನ ಬೆನ್ನ ಹಿಂದೆ ಕದಡಿದ ಗಾಳಿಯನ್ನು ಎಳೆದುಕೊಂಡು ಹೋಗಬೇಕಾದುದರಿಂದ ಹುಟ್ಟುವ ತಡೆ. ಇವೆರಡರ ಸ್ವಭಾವ ಒಂದೇ ಅಲ್ಲ. ಉರುಳು ಘರ್ಷಣೆ ಕಾರಿನ ತೂಕವನ್ನು ಅವಲಂಬಿಸಿದ್ದು, ವೇಗ ಹೆಚ್ಚಿದರೂ ಬಹುಮಟ್ಟಿಗೆ ಅಷ್ಟೇ ಉಳಿಯುತ್ತದೆ. ವಾಯುರೋಧವಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಎರಡು ಪಟ್ಟಾದಾಗ ರೋಧ ನಾಲ್ಕು ಪಟ್ಟಾಗುತ್ತದೆ, ಅದನ್ನು ಎದುರಿಸಲು ಎಂಜಿನ್ ಒದಗಿಸಬೇಕಾದ ಸಾಮರ್ಥ್ಯ ಎಂಟು ಪಟ್ಟಾಗುತ್ತದೆ.

ವೇಗವನ್ನು ಬಿಟ್ಟರೆ ವಾಯುರೋಧವನ್ನು ನಿರ್ಧರಿಸುವ ಅಂಶಗಳು ಮೂರು: ಗಾಳಿಯ ಸಾಂದ್ರತೆ, ಕಾರನ್ನು ಎದುರಿನಿಂದ ನೋಡಿದಾಗ ಕಾಣುವ ಮುಂಭಾಗದ ವಿಸ್ತೀರ್ಣ, ಮತ್ತು ಆಕಾರ ಎಷ್ಟು ನಯವಾಗಿ ಗಾಳಿಯನ್ನು ಸೀಳುತ್ತದೆ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ರೋಧ ಗುಣಾಂಕ. ಇಂದಿನ ಸಣ್ಣ ಕಾರುಗಳ ರೋಧ ಗುಣಾಂಕ ಸಾಮಾನ್ಯವಾಗಿ 0.30ರಿಂದ 0.35ರ ನಡುವೆ ಇದ್ದು, ಪೆಟ್ಟಿಗೆಯಂತಹ ಮೈಕಟ್ಟಿನ ಜೀಪು ಮಾದರಿಯ ವಾಹನಗಳಲ್ಲಿ ಅದು 0.40ನ್ನು ದಾಟುತ್ತದೆ. ಸುಮಾರು 1,000 ಕಿಲೋ ತೂಕದ, 2 ಚದರ ಮೀಟರ್ ಮುಂಭಾಗದ, 0.33 ಗುಣಾಂಕದ ಒಂದು ಸಾಧಾರಣ ಹ್ಯಾಚ್‌ಬ್ಯಾಕ್ ಕಾರನ್ನು ತೆಗೆದುಕೊಂಡು ಲೆಕ್ಕ ಹಾಕಿದರೆ, ಗಂಟೆಗೆ 60 ಕಿ.ಮೀ. ವೇಗದ ಆಸುಪಾಸಿನಲ್ಲಿ ಎರಡೂ ತಡೆಗಳು ತಲಾ 110 ನ್ಯೂಟನ್‌ನಷ್ಟಿದ್ದು ಸಮಸಮವಾಗುತ್ತವೆ. 40 ಕಿ.ಮೀ. ವೇಗದಲ್ಲಿ ವಾಯುರೋಧ 50 ನ್ಯೂಟನ್ ಕೂಡ ಮುಟ್ಟುವುದಿಲ್ಲ. 80ರಲ್ಲಿ ಅದು 195ಕ್ಕೆ, 100ರಲ್ಲಿ 305ಕ್ಕೆ, 120ರಲ್ಲಿ 440ಕ್ಕೆ ಏರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ಮಂಗಳೂರಿನದಕ್ಕಿಂತ ಹತ್ತನೇ ಒಂದು ಪಾಲಿನಷ್ಟು ತೆಳುವಾಗಿರುವುದರಿಂದ ಈ ಅಂಕಿಗಳೂ ಅಲ್ಲಿ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತವೆಂಬುದು ಬೇರೆ ಮಾತು.

ಈ ಲೆಕ್ಕದಿಂದಲೇ ಮನೆಯಲ್ಲಿ ಮಾಡುವ ಮಾರ್ಪಾಡು ಯಾರಿಗೆ ಉಪಯುಕ್ತ, ಯಾರಿಗೆ ವ್ಯರ್ಥ ಎಂಬುದು ತೀರ್ಮಾನವಾಗುತ್ತದೆ. ನಗರದ ಸಿಗ್ನಲ್‌ಗಳ ನಡುವೆ ನಿಂತು ನಿಂತು ಸಾಗುವ ಕಾರಿನ ಪೆಟ್ರೋಲು ಬ್ರೇಕಿನ ಬಿಸಿಯಾಗಿಯೂ ಖಾಲಿ ನಿಂತ ಎಂಜಿನ್ನಿನ ಹೊಗೆಯಾಗಿಯೂ ಹೋಗುತ್ತದೆಯೇ ಹೊರತು ಗಾಳಿಯ ಪಾಲಾಗುವುದು ಅಲ್ಪ; ಅಂತಹ ಕಾರಿಗೆ ಟೈರಿನ ಗಾಳಿಯನ್ನು ಸರಿಯಾಗಿ ಇಡುವುದೇ ಹೆಚ್ಚಿನ ಉಪಕಾರ. ವಾರಕ್ಕೊಮ್ಮೆಯಾದರೂ ಬೆಂಗಳೂರು–ಹುಬ್ಬಳ್ಳಿ ಅಥವಾ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 80ರಿಂದ 100 ಕಿ.ಮೀ. ವೇಗದಲ್ಲಿ ಗಂಟೆಗಟ್ಟಲೆ ಓಡುವ ಕಾರಿನ ವಿಚಾರ ಬೇರೆ. ಮೇಲಿನ ಕಾರಿನ ವಾಯುರೋಧವನ್ನು 15 ಶೇಕಡಾ ತಗ್ಗಿಸಿದರೆ 100 ಕಿ.ಮೀ. ವೇಗದಲ್ಲಿ ಒಟ್ಟು ತಡೆ 11 ಶೇಕಡಾ ಇಳಿಯುತ್ತದೆ. ಇಂಧನದ ಉಳಿತಾಯ ಅದಕ್ಕಿಂತ ತುಸು ಕಡಿಮೆಯೇ, ಏಕೆಂದರೆ ಹೊರೆ ಹಗುರವಾದಾಗ ಪೆಟ್ರೋಲ್ ಎಂಜಿನ್ ಅರ್ಧ ಮುಚ್ಚಿದ ಥ್ರಾಟಲ್ ಮೂಲಕ ಉಸಿರೆಳೆಯಬೇಕಾಗಿ ಅದರ ದಕ್ಷತೆಯೂ ಸ್ವಲ್ಪ ಕುಸಿಯುತ್ತದೆ. ಅದೇ ಕಾರನ್ನು 100ರ ಬದಲು 80ರಲ್ಲಿ ಓಡಿಸಿದರೆ ವಾಯುರೋಧ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಳಿಯುತ್ತದೆ; ಕೈಗೆ ಎಣ್ಣೆ ಹತ್ತದ ಈ ಉಪಾಯಕ್ಕೆ ಸಾಟಿಯಾದ ತಗಡಿನ ಕೆಲಸ ಯಾವುದೂ ಇಲ್ಲವೆಂಬುದನ್ನು ಮಾರ್ಪಾಡಿಗೆ ಕೈಹಾಕುವವರು ಮೊದಲೇ ಒಪ್ಪಿಕೊಂಡಿರಬೇಕು.

ಆಕಾರದ ವಿಚಾರವೇನೂ ಹೊಸದಲ್ಲ. ಜೆಪ್ಪೆಲಿನ್ ವಾಯುನೌಕೆಗಳ ವಿನ್ಯಾಸದಲ್ಲಿ ದುಡಿದಿದ್ದ ಪಾಲ್ ಯಾರೈ 1920ರ ದಶಕದಲ್ಲೇ ಹನಿಯ ಆಕಾರದ ಕಾರುಗಳನ್ನು ರೂಪಿಸಿದ್ದರು; ಅವರ ತತ್ತ್ವವನ್ನು ಅನುಸರಿಸಿದ ಟಾಟ್ರಾ 77 ಎಂಬ ಕಾರು 1934ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಬಂದಿತು. ಹನಿಯ ಉದ್ದ ಬಾಲವನ್ನು ಒಂದು ಹಂತದಲ್ಲಿ ನೇರವಾಗಿ ಕತ್ತರಿಸಿದರೂ ಲಾಭದ ಬಹುಪಾಲು ಉಳಿಯುತ್ತದೆಂದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸಂಶೋಧನೆ ನಡೆಸಿದ ವುನಿಬಾಲ್ಡ್ ಕಾಮ್ ಮತ್ತು ಅವರ ಸಂಗಡಿಗರು ತೋರಿಸಿದ್ದರಿಂದ, ಹಾಗೆ ಕತ್ತರಿಸಿದ ಹಿಂಭಾಗಕ್ಕೆ ಇಂದಿಗೂ ಕಾಮ್ ಅವರ ಹೆಸರೇ ಇದೆ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದ ನಾಸಾ ಸಂಸ್ಥೆಯ ಕ್ಯಾಲಿಫೋರ್ನಿಯಾ ಕೇಂದ್ರದ ಎಂಜಿನಿಯರುಗಳು ಒಂದು ಹಳೆಯ ವ್ಯಾನಿಗೆ ಅಲ್ಯೂಮಿನಿಯಂ ತಗಡು ಹೊದಿಸಿ ಅದನ್ನು ಚೌಕ ಪೆಟ್ಟಿಗೆಯಾಗಿಸಿ, ಆಮೇಲೆ ಅದರ ಅಂಚುಗಳನ್ನು ಒಂದೊಂದಾಗಿ ದುಂಡಾಗಿಸುತ್ತಾ, ತಳವನ್ನು ಮುಚ್ಚುತ್ತಾ ಪ್ರತಿ ಹಂತದಲ್ಲೂ ಅಳೆದರು. ಅಂಚುಗಳೆಲ್ಲ ದುಂಡಾದಾಗ ವಾಯುರೋಧ ಅರ್ಧಕ್ಕಿಂತ ಕೆಳಗಿಳಿದಿತ್ತು. ಇಂದು ಅಮೆರಿಕದ ಹವ್ಯಾಸಿಗಳು ಮನೆಯ ಶೆಡ್ಡಿನಲ್ಲಿ ಮಾಡುವ ಪ್ರಯೋಗಗಳ ಮೂಲಪಾಠ ಈ ಕೆಲಸದಲ್ಲಿದೆ, ವಿಶೇಷವಾಗಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಅಳೆಯುವ ಅದರ ಶಿಸ್ತಿನಲ್ಲಿದೆ.

ಅಮೆರಿಕದ ಹವ್ಯಾಸಿಗಳು ಮಾಡಿದ್ದನ್ನೆಲ್ಲ ಭಾರತದಲ್ಲಿ ಮಾಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ನಿಗದಿಪಡಿಸಿದ ಮತ್ತು ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ, ದಾಖಲಾದ ವಿವರಗಳಿಗೆ ಹೊರತಾದ ಬದಲಾವಣೆಯನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಷೇಧವನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿದಿದೆ, ಮತ್ತು ಅದೇ ವರ್ಷದ ತಿದ್ದುಪಡಿಯು ಕಾನೂನುಬಾಹಿರ ಮಾರ್ಪಾಡಿಗೆ ಪ್ರತಿಯೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಕಾರಿನ ಉದ್ದ, ಅಗಲ, ದೀಪಗಳು, ನಂಬರ್ ಪ್ಲೇಟು, ಕನ್ನಡಿಗಳು, ಬಂಪರಿನ ರಚನೆ ಇವುಗಳ ತಂಟೆಗೆ ಹೋಗುವ ಯಾವ ಕೆಲಸವೂ ಇಲ್ಲಿ ಸಲ್ಲದು. ಸ್ಕ್ರೂ ಬಿಚ್ಚಿದರೆ ಮೊದಲಿನಂತಾಗುವ, ಹೊರನೋಟವನ್ನು ಬದಲಿಸದ ಸಣ್ಣ ಕೆಲಸಗಳ ಬಗ್ಗೆಯೂ ಆರ್‌ಟಿಒ ಕಚೇರಿಯಲ್ಲಿ ಮತ್ತು ವಿಮಾ ಕಂಪನಿಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು, ಏಕೆಂದರೆ ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ನಂತರ ಪರಿಹಾರ ನಿರಾಕರಣೆಗೆ ಕಾರಣವಾಗಬಲ್ಲದು.

ಮೊದಲು ಕಳಚುವುದು

ಕರ್ನಾಟಕದ ರಸ್ತೆಗಳಲ್ಲಿ ಓಡುವ ಕಾರುಗಳಿಗೆ ಸೇರಿಸಬೇಕಾದುದಕ್ಕಿಂತ ತೆಗೆಯಬೇಕಾದುದೇ ಹೆಚ್ಚು. ಚಾವಣಿಯ ಮೇಲಿನ ಕ್ಯಾರಿಯರ್ ಖಾಲಿಯಿದ್ದಾಗಲೂ ತನ್ನ ಸರಳುಗಳಿಂದ ಗಾಳಿಯನ್ನು ಕಲಕುತ್ತದೆ. ಅದರ ಮೇಲೆ ಮೊಂಡು ಆಕಾರದ ದೊಡ್ಡ ಪೆಟ್ಟಿಗೆಯನ್ನಿಟ್ಟರೆ ಮೈಲೇಜ್ ನಗರದಲ್ಲಿ 2ರಿಂದ 8 ಶೇಕಡಾ, ಹೆದ್ದಾರಿಯಲ್ಲಿ 6ರಿಂದ 17 ಶೇಕಡಾ, ಗಂಟೆಗೆ 105ರಿಂದ 120 ಕಿ.ಮೀ. ವೇಗದಲ್ಲಿ 10ರಿಂದ 25 ಶೇಕಡಾದವರೆಗೆ ಕುಸಿಯಬಹುದೆಂದು ಅಮೆರಿಕ ಸರ್ಕಾರ ವಾಹನ ಮಾಲೀಕರಿಗೆ ನೀಡುವ ಸಲಹೆಯಲ್ಲಿ ಹೇಳಿದೆ. ಅದೇ ಸಾಮಾನನ್ನು ಕಾರಿನ ಹಿಂಬದಿಗೆ ಕಟ್ಟಿದಾಗ ಹೆದ್ದಾರಿಯ ನಷ್ಟ 1ರಿಂದ 5 ಶೇಕಡಾ ಮಾತ್ರ. ತಿರುಪತಿ, ಧರ್ಮಸ್ಥಳಗಳ ಪ್ರವಾಸಕ್ಕೆಂದು ಒಮ್ಮೆ ಹಾಕಿಸಿದ ಕ್ಯಾರಿಯರ್ ವರ್ಷವಿಡೀ ಚಾವಣಿಯ ಮೇಲೆಯೇ ಉಳಿಯುವ ರೂಢಿಯಂತೂ ತೀರಾ ದುಬಾರಿಯಾದದ್ದು. ಮುಂದಿನ ಬಂಪರಿಗೆ ಕಟ್ಟುವ ಉಕ್ಕಿನ ಬುಲ್ ಬಾರ್ ಗಾಳಿಗೆ ಅಡ್ಡ ನಿಲ್ಲುವುದಷ್ಟೇ ಅಲ್ಲದೆ, ಡಿಕ್ಕಿಯಾದಾಗ ಏರ್‌ಬ್ಯಾಗ್ ಸಕಾಲಕ್ಕೆ ತೆರೆದುಕೊಳ್ಳುವುದಕ್ಕೂ ಅಡ್ಡಿಯಾಗಬಲ್ಲದು; 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇಂಥ ಗಾರ್ಡುಗಳ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಸೂಚಿಸಿದೆ. ಬಾನೆಟ್ಟಿನ ಮೇಲಿನ ಬಾವುಟದ ಕಂಬ, ಟೈರಿಗಿಂತ ಅಗಲವಾದ ಮಡ್ ಫ್ಲ್ಯಾಪ್, ಬಾಗಿಲ ಮೇಲೆ ಉಬ್ಬಿ ನಿಂತ ಮಳೆತಡೆ ಪಟ್ಟಿಗಳು ಇವೂ ಅದೇ ಸಾಲಿಗೆ ಸೇರುತ್ತವೆ.

ಗ್ರಿಲ್ ಮತ್ತು ತಳ

ರೇಡಿಯೇಟರ್ ತಣ್ಣಗಾಗಲೆಂದು ಗ್ರಿಲ್ ಮೂಲಕ ಒಳನುಗ್ಗುವ ಗಾಳಿ ಎಂಜಿನ್ ಕೋಣೆಯ ಪೈಪು, ವೈರುಗಳ ನಡುವೆ ಚೆಲ್ಲಾಪಿಲ್ಲಿಯಾಗಿ ತಳದಿಂದ ಹೊರಬೀಳುವಷ್ಟರಲ್ಲಿ ತನ್ನ ವೇಗವನ್ನೆಲ್ಲ ಕಳೆದುಕೊಂಡಿರುತ್ತದೆ, ಮತ್ತು ಹಾಗೆ ಕಳೆದುಹೋದದ್ದು ಕಾರಿಗೆ ತಡೆಯಾಗಿ ಪರಿಣಮಿಸುತ್ತದೆ. ಬಿಸಿಲಿನಲ್ಲಿ ಘಾಟಿ ಹತ್ತುವ ದಿನಕ್ಕೆ ತಕ್ಕಂತೆ ಅಳತೆ ಮಾಡಿಟ್ಟ ಈ ದ್ವಾರ ಮಿಕ್ಕ ದಿನಗಳಲ್ಲಿ ಅಗತ್ಯಕ್ಕಿಂತ ದೊಡ್ಡದಾಗಿರುವುದರಿಂದಲೇ ಕೆಲವು ಕಂಪನಿಗಳು ತಾವಾಗಿ ತೆರೆದು ಮುಚ್ಚುವ ಕದಗಳನ್ನು ಗ್ರಿಲ್ಲಿಗೆ ಅಳವಡಿಸಿವೆ. ಹವ್ಯಾಸಿಗಳು ಅದನ್ನೇ ಕಪ್ಪು ಪ್ಲಾಸ್ಟಿಕ್ ಪಟ್ಟಿ ಅಥವಾ ಪೈಪಿನ ಸುತ್ತ ಹೊದಿಸುವ ಮೃದು ಫೋಮಿನಿಂದ ಸಾಧಿಸುತ್ತಾರೆ. ಹಿಮ ಬೀಳುವ ಅಮೆರಿಕದ ಮಿಷಿಗನ್ನಿನಲ್ಲಿ ಗ್ರಿಲ್ಲನ್ನು ಪೂರ್ತಿ ಮುಚ್ಚಿದರೂ ನಡೆದೀತು. ರಾಯಚೂರು, ಕಲಬುರಗಿಗಳ ಏಪ್ರಿಲ್ ತಿಂಗಳಿನಲ್ಲಿ ಅದು ಎಂಜಿನ್ನಿಗೆ ಕುತ್ತು. ರೇಡಿಯೇಟರಿನ ಮುಂದೆಯೇ ಎ.ಸಿ.ಯ ಕಂಡೆನ್ಸರ್ ಕೂಡ ಇರುವುದರಿಂದ, ಗಾಳಿ ಸಾಲದಾದಾಗ ಎ.ಸಿ. ಕಂಪ್ರೆಸರ್ ಹೆಚ್ಚು ದುಡಿದು, ಫ್ಯಾನ್ ಮತ್ತೆ ಮತ್ತೆ ತಿರುಗಿ ಉಳಿಸಿದ ಇಂಧನವನ್ನು ತಿಂದುಹಾಕುತ್ತದೆ. ಮೂರನೇ ಒಂದು ಭಾಗವನ್ನು ಮಾತ್ರ ಮುಚ್ಚಿ, ಕಾರಿನ ಓಬಿಡಿ ಸಾಕೆಟ್ಟಿಗೆ, ಅಂದರೆ ಗ್ಯಾರೇಜಿನವರು ದೋಷ ಪತ್ತೆಗೆ ಬಳಸುವ ಕಿಂಡಿಗೆ, ಚುಚ್ಚುವ ಅಗ್ಗದ ಅಡಾಪ್ಟರ್ ಮೂಲಕ ಕೂಲಂಟ್ ಎಷ್ಟು ಡಿಗ್ರಿಯಲ್ಲಿದೆಯೆಂದು ಮೊಬೈಲಿನಲ್ಲಿ ನೋಡುತ್ತಾ ಮುಂದುವರಿಯುವುದು ಸುರಕ್ಷಿತ ಮಾರ್ಗ. ಡ್ಯಾಶ್‌ಬೋರ್ಡಿನ ಮುಳ್ಳು ಬಹಳ ತಡವಾಗಿ ಎಚ್ಚರಿಸುವುದರಿಂದ ಅದೊಂದನ್ನೇ ನಂಬಬಾರದು. ಶಿರಾಡಿ, ಚಾರ್ಮಾಡಿಗಳಂತಹ ಘಾಟಿ ಹತ್ತುವ ಮೊದಲು ಪಟ್ಟಿಯನ್ನು ತೆಗೆದಿಡಬೇಕು.

ಮನೆಯಲ್ಲಿ ಮಾಡಬಹುದಾದ ಕೆಲಸಗಳಲ್ಲಿ ಕಾರಿನ ತಳವನ್ನು ನಯಗೊಳಿಸುವುದು ಅತ್ಯಂತ ಫಲದಾಯಕವೂ ಅತ್ಯಂತ ಶ್ರಮದ್ದೂ ಆಗಿದೆ. ಮೇಲ್ಮೈಯನ್ನು ಪಾಲಿಶ್ ಮಾಡಿ ಹೊಳೆಯಿಸುವ ತಯಾರಕರು ಯಾರಿಗೂ ಕಾಣದ ತಳದಲ್ಲಿ ಸೈಲೆನ್ಸರ್, ಅಡ್ಡಪಟ್ಟಿ, ಸಸ್ಪೆನ್ಷನ್ ತೋಳು, ಪೆಟ್ರೋಲ್ ಟ್ಯಾಂಕ್ ಎಲ್ಲವನ್ನೂ ತೆರೆದೇ ಬಿಟ್ಟಿರುತ್ತಾರೆ, ಅಗ್ಗದ ಕಾರುಗಳಲ್ಲಂತೂ ಎಂಜಿನ್ನಿನ ಅಡಿಯ ಮುಚ್ಚಳವೂ ಇರುವುದಿಲ್ಲ. ಅಮೆರಿಕದಲ್ಲಿ ಇದಕ್ಕೆ ಚುನಾವಣಾ ಫಲಕಗಳಿಗೆ ಬಳಸುವ ಪೊಳ್ಳು ಪ್ಲಾಸ್ಟಿಕ್ ಹಾಳೆ ಜನಪ್ರಿಯವಾಗಿದ್ದು, ಇಲ್ಲಿ ಅದೇ ಹಾಳೆ ಜಾಹೀರಾತು ಬೋರ್ಡಿನ ಅಂಗಡಿಗಳಲ್ಲಿ ಸನ್‌ಪ್ಯಾಕ್ ಶೀಟ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಹಗುರವಾದ, ಕತ್ತರಿಯಿಂದಲೇ ಕತ್ತರಿಸಬಹುದಾದ ಈ ಹಾಳೆ ಪಾಲಿಪ್ರೊಪಿಲೀನ್‌ನಿಂದ ಮಾಡಿದ್ದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅದಕ್ಕೂ ಬಹಳ ಮೊದಲೇ ಮೆದುವಾಗುತ್ತದೆ. ಆದ್ದರಿಂದ ಸೈಲೆನ್ಸರ್ ಕೊಳವೆಯ ಹತ್ತಿರ, ಮುಖ್ಯವಾಗಿ ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್ ಸುತ್ತ, ಅದನ್ನು ಬಳಸಲೇಬಾರದು. ಬಿಸಿಯಾಗುವ ಆ ಉದ್ದನೆಯ ಕಾಲುವೆಯನ್ನು ತೆರೆದೇ ಬಿಟ್ಟು, ಅದರ ಎರಡೂ ಬದಿಯ ಸಮತಟ್ಟು ಜಾಗಗಳನ್ನು ಮಾತ್ರ ಮುಚ್ಚಿದರೂ ಲಾಭದ ದೊಡ್ಡ ಪಾಲು ಸಿಗುತ್ತದೆ. ಎಂಜಿನ್ನಿನ ಅಡಿಗೆ ಬಿಡಿಭಾಗದ ಅಂಗಡಿಯಲ್ಲಿ ಅದೇ ಮಾದರಿಯ ಕಾರಿಗೆಂದೇ ಸಿಗುವ ಅಂಡರ್ ಕವರ್ ಹಾಕಿಸುವುದು ಸ್ವಂತ ಕೈಕೆಲಸಕ್ಕಿಂತ ಉತ್ತಮ, ಏಕೆಂದರೆ ಎಣ್ಣೆ ಸೋರಿದರೆ ಅದರ ಮೇಲೆ ನಿಂತು ಬೆಂಕಿಗೆ ಕಾರಣವಾಗದಂತೆ ರಂಧ್ರಗಳನ್ನೂ, ಗ್ಯಾರೇಜಿನವರು ಚೇಂಬರ್ ಎಂದು ಕರೆಯುವ ಎಣ್ಣೆ ತೊಟ್ಟಿಯ ಬೋಲ್ಟಿಗೆ ದಾರಿಯನ್ನೂ ಅದರಲ್ಲಿ ಯೋಚಿಸಿ ಬಿಟ್ಟಿರುತ್ತಾರೆ.

ಹಾಳೆಗಳನ್ನು ಜೋಡಿಸುವಾಗ ಮಂಗಳೂರು ಹಂಚು ಹೊದಿಸುವವರ ಕ್ರಮವನ್ನು ಅನುಸರಿಸಬೇಕು: ಮುಂದಿರುವ ಹಾಳೆಯ ಹಿಂಬದಿಯ ಅಂಚು ಹಿಂದಿರುವ ಹಾಳೆಯ ಮುಂಬದಿಯ ಅಂಚಿಗಿಂತ ಕೆಳಗೆ, ಅಂದರೆ ರಸ್ತೆಯ ಕಡೆಗೆ, ಇರುವಂತೆ ಒಂದರ ಮೇಲೊಂದು ಸೇರಿಸಿದರೆ ಎದುರು ಗಾಳಿಗೆ ಸಂದಿ ಸಿಕ್ಕುವುದಿಲ್ಲ. ಇದು ತಲೆಕೆಳಗಾದರೆ ಗಾಳಿ ಒಳನುಗ್ಗಿ, ಹಾಳೆಯನ್ನು ಚೀಲದಂತೆ ಉಬ್ಬಿಸಿ, ಹೆದ್ದಾರಿಯ ವೇಗದಲ್ಲಿ ಕಿತ್ತು ಹಿಂದಿನ ವಾಹನದ ಮೇಲೆ ಎಸೆಯುತ್ತದೆ. ಕಾರಿನ ತಳದಲ್ಲಿ ಈಗಾಗಲೇ ಇರುವ ಬೋಲ್ಟು, ಕ್ಲಿಪ್ಪುಗಳ ಸ್ಥಾನಗಳನ್ನೇ ಬಳಸಿಕೊಂಡು, ಅಗಲವಾದ ವಾಷರ್ ಹಾಕಿ ಬಿಗಿಯಬೇಕೇ ಹೊರತು ಚಾಸಿಗೆ ಹೊಸ ತೂತು ಕೊರೆಯಬಾರದು; ಬ್ರೇಕಿನ ಎಣ್ಣೆ ಮತ್ತು ಪೆಟ್ರೋಲಿನ ಕೊಳವೆಗಳು ಅಲ್ಲಿಯೇ ಹಾದುಹೋಗುತ್ತವೆ. ಕೆಲಸದ ವೇಳೆ ಜ್ಯಾಕ್ ಒಂದನ್ನೇ ನಂಬಿ ಕಾರಿನಡಿ ನುಸುಳುವುದು ಪ್ರಾಣಕ್ಕೆ ಎರವಾಗುತ್ತದೆ. ಕಾರು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಂತಿರಲೇಬೇಕು. ಮಳೆಗಾಲದಲ್ಲಿ ಕೆಸರು ತುಂಬಿಕೊಂಡು ತುಕ್ಕಿಗೆ ದಾರಿಯಾಗದಂತೆ ಹಾಳೆಯ ತಗ್ಗು ಭಾಗಗಳಲ್ಲಿ ನೀರು ಬಸಿಯುವ ರಂಧ್ರಗಳಿರಬೇಕು, ವರ್ಷಕ್ಕೊಮ್ಮೆಯಾದರೂ ಬಿಚ್ಚಿ ತೊಳೆಯಬೇಕು.

ಬಂಪರಿನ ಕೆಳಗೆ ರಬ್ಬರ್ ಪಟ್ಟಿ ಇಳಿಬಿಟ್ಟು ಗಾಳಿ ತಳಕ್ಕೆ ಹೋಗದಂತೆ ತಡೆಯುವುದು ಇನ್ನೊಂದು ವಿಧಾನ. ಅದು ಮುಂಭಾಗದ ವಿಸ್ತೀರ್ಣವನ್ನು ಹೆಚ್ಚಿಸುವುದರಿಂದ, ತಳ ಈಗಾಗಲೇ ನಯವಾಗಿದ್ದರೆ ಲಾಭಕ್ಕಿಂತ ನಷ್ಟವೇ ಆಗಬಹುದು. ಊರಿಗೊಂದು ಹೆಸರಿಲ್ಲದ ಹಂಪ್ಸ್ ಇರುವ ನಮ್ಮ ರಸ್ತೆಗಳಲ್ಲಿ ಅದು ಬಹುಕಾಲ ಬಾಳುವುದೂ ಇಲ್ಲ.

ಚಕ್ರ ಮತ್ತು ಹಿಂಭಾಗ

ಚಕ್ರಗಳು ಮತ್ತು ಅವು ಕುಳಿತಿರುವ ಗೂಡುಗಳು ಕಾರಿನ ಒಟ್ಟು ವಾಯುರೋಧದಲ್ಲಿ ಸುಮಾರು ಕಾಲು ಭಾಗಕ್ಕೆ ಹೊಣೆ. ತಿರುಗುವ ಕಡ್ಡಿಗಳು ಫ್ಯಾನಿನಂತೆ ಗಾಳಿಯನ್ನು ಹೊರಕ್ಕೆ ತಳ್ಳುವುದರಿಂದ ಸಮತಟ್ಟಾದ ಮುಚ್ಚಳ ಹಾಕುವುದು ಉಪಯುಕ್ತ. ಅಮೆರಿಕದ ಬಾನ್‌ವಿಲ್ ಉಪ್ಪುಬಯಲಿನಲ್ಲಿ ವೇಗದ ದಾಖಲೆಗೆ ಹೊರಟವರು ದಶಕಗಳಿಂದ ಅಲ್ಯೂಮಿನಿಯಂ ತಟ್ಟೆಯಂತಹ ಮುಚ್ಚಳಗಳನ್ನು ಬಳಸಿದ್ದಾರೆ. ಆದರೆ ಬ್ರೇಕ್ ಡಿಸ್ಕುಗಳು ತಣ್ಣಗಾಗುವುದು ಅದೇ ಸಂದಿಗಳಿಂದಾದ್ದರಿಂದ ಮುಂದಿನ ಚಕ್ರಗಳಿಗೆ ಅಂಚಿನಲ್ಲಿ ಕಿಂಡಿಯುಳ್ಳ ಮುಚ್ಚಳವನ್ನಷ್ಟೇ ಹಾಕಬೇಕು. 1999ರಲ್ಲಿ ಬಂದ ಹೋಂಡಾ ಇನ್‌ಸೈಟ್ ಕಾರಿನಲ್ಲಿ ಕಂಪನಿಯೇ ಹಿಂಚಕ್ರಗಳನ್ನು ಅರ್ಧ ಮುಚ್ಚುವ ತೆರೆಯನ್ನಿಟ್ಟು ರೋಧ ಗುಣಾಂಕವನ್ನು 0.25ಕ್ಕೆ ಇಳಿಸಿತ್ತು, ಮನೆಯಲ್ಲಿ ಮಾಡಿದ ಅಂಥ ತೆರೆ ಪಂಕ್ಚರ್ ಆದಾಗ ಕ್ಷಣದಲ್ಲಿ ಬಿಚ್ಚುವಂತಿರಬೇಕು, ಮೈಯ ಅಂಚಿನಿಂದ ಹೊರಚಾಚಬಾರದು.

ನಿಜವಾದ ಸಂಪತ್ತು ಇರುವುದು ಹಿಂಭಾಗದಲ್ಲಿ. ಚಾವಣಿಯನ್ನು ಅಂಟಿಕೊಂಡು ಬಂದ ಗಾಳಿ ಒಂದು ಮಿತಿಯೊಳಗಿನ ಇಳಿಜಾರನ್ನಷ್ಟೇ ಅನುಸರಿಸಬಲ್ಲದು. ಅದಕ್ಕಿಂತ ಕಡಿದಾದರೆ ಮೈಯಿಂದ ಕಳಚಿಕೊಂಡು, ಕಾರಿನ ಬೆನ್ನಿಗೆ ಒತ್ತಡ ಕಡಿಮೆಯಿರುವ ಸುಳಿಪ್ರದೇಶವನ್ನು ನಿರ್ಮಿಸಿ, ಕಾರನ್ನು ಹಿಂದಕ್ಕೆಳೆಯುತ್ತದೆ. 1984ರಲ್ಲಿ ಎಸ್.ಆರ್. ಅಹ್ಮದ್ ಮತ್ತು ಸಂಗಡಿಗರು ಸರಳ ಇಟ್ಟಿಗೆಯಾಕಾರದ ಮಾದರಿಯೊಂದರ ಮೇಲೆ ನಡೆಸಿದ ಪ್ರಯೋಗದಲ್ಲಿ ಹಿಂದಿನ ಇಳಿಜಾರು 12 ಡಿಗ್ರಿಯ ಆಸುಪಾಸಿನಲ್ಲಿದ್ದಾಗ ರೋಧ ಕನಿಷ್ಠವಾಗಿಯೂ 30 ಡಿಗ್ರಿಯಲ್ಲಿ ಗರಿಷ್ಠವಾಗಿಯೂ ಕಂಡುಬಂದಿತು. ಈ ತತ್ತ್ವದ ಮೇಲೆ ಅಮೆರಿಕದ ಕೆಲವು ಹವ್ಯಾಸಿಗಳು ಹಳೆಯ ಹೋಂಡಾ ಸಿವಿಕ್‌ಗಳಂತಹ ಕಾರುಗಳಿಗೆ ದೋಣಿಯ ಹಿಂಬದಿಯಂತೆ ಕಿರಿದಾಗುತ್ತಾ ಹೋಗುವ ಮೀಟರಿಗೂ ಉದ್ದದ ಬಾಲಗಳನ್ನು ಕಟ್ಟಿದ್ದಾರೆ. ಭೌತಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಲಾಭದ ಕೆಲಸವಿಲ್ಲ. ಆದರೆ ಕಾರಿನ ಉದ್ದವನ್ನು ಬದಲಿಸಿ ದೀಪ, ನಂಬರ್ ಪ್ಲೇಟುಗಳನ್ನು ಮರೆಮಾಡುವುದರಿಂದ ಭಾರತದ ರಸ್ತೆಯಲ್ಲಿ ಅದಕ್ಕೆ ಜಾಗವಿಲ್ಲ. ಕಂಪನಿಯೇ ಅದೇ ಮಾದರಿಯ ದುಬಾರಿ ಆವೃತ್ತಿಗೆ ಕೊಡುವ, ಹ್ಯಾಚ್‌ಬ್ಯಾಕಿನ ಚಾವಣಿಯನ್ನು ಸ್ವಲ್ಪ ಹಿಂದಕ್ಕೆ ಚಾಚುವ ಸ್ಪಾಯ್ಲರ್ ಸಿಕ್ಕರೆ ಅದಕ್ಕೇ ತೃಪ್ತಿಪಡಬೇಕು.

ಬಿಡಿಭಾಗದ ಅಂಗಡಿಗಳಲ್ಲಿ ಗಾಳಿಯ ಹೆಸರಿನಲ್ಲಿ ಮಾರುವ ಹೆಚ್ಚಿನ ಸರಕು ಇದರ ತದ್ವಿರುದ್ಧ. ಡಿಕ್ಕಿಯ ಮೇಲೆ ಎತ್ತರಕ್ಕೆ ನಿಲ್ಲುವ ರೆಕ್ಕೆಯ ಕೆಲಸ ಕಾರನ್ನು ರಸ್ತೆಗೆ ಒತ್ತುವುದು, ಮತ್ತು ಆ ಒತ್ತಡವನ್ನು ಅದು ವಾಯುರೋಧದ ಬೆಲೆಗೆ ಕೊಳ್ಳುತ್ತದೆ. ಚಾವಣಿಯ ಹಿಂಬದಿಯ ಅಂಚಿಗೆ ಸಾಲಾಗಿ ಅಂಟಿಸುವ ಪುಟ್ಟ ಮೀನು ರೆಕ್ಕೆಗಳು ಮಿತ್ಸುಬಿಷಿ ಎಂಜಿನಿಯರುಗಳು ಗಾಳಿ ಸುರಂಗದಲ್ಲಿ ಸ್ಥಾನ ಹುಡುಕಿ ಕೂರಿಸಿದಾಗಲೂ ರೋಧ ಗುಣಾಂಕವನ್ನು ಇಳಿಸಿದ್ದು 0.006ರಷ್ಟು ಮಾತ್ರ, ಕಣ್ಣಂದಾಜಿನಲ್ಲಿ ಅಂಟಿಸಿದವು ಅಲಂಕಾರಕ್ಕಷ್ಟೇ ಸರಿ. ಪಿಕಪ್ ವಾಹನದ ಹಿಂಬಾಗಿಲನ್ನು ತೆರೆದಿಟ್ಟರೆ ಮೈಲೇಜ್ ಹೆಚ್ಚುತ್ತದೆಂಬ ನಂಬಿಕೆಯೂ ತಪ್ಪು: ಬಾಗಿಲು ಮುಚ್ಚಿದ್ದಾಗ ತೊಟ್ಟಿಯೊಳಗೆ ಸುತ್ತುವ ಗಾಳಿಯ ಗುಡ್ಡೆಯೇ ಮೇಲಿನ ಹರಿವಿಗೆ ಹಾಸಿಗೆಯಾಗಿರುತ್ತದೆ.

ಅಳೆಯುವುದು

ಯಾವ ಮಾರ್ಪಾಡು ಫಲಿಸಿತೆಂದು ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಾಳಿ ಸುರಂಗ ಕಾರಿನ ಮಾಲೀಕನ ಕೈಗೆ ಸಿಗುವುದಿಲ್ಲವಾದರೂ, ಬೆರಳುದ್ದದ ಉಣ್ಣೆಯ ಎಳೆಗಳು ಮತ್ತು ಅಂಟುಪಟ್ಟಿ ಸಿಗುತ್ತವೆ. ಅವನ್ನು ಮೈಮೇಲೆ ಸಾಲಾಗಿ ಅಂಟಿಸಿ, ಪಕ್ಕದ ಲೇನಿನಲ್ಲಿ ಸಾಗುವ ಇನ್ನೊಂದು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತವರು ವಿಡಿಯೊ ತೆಗೆದರೆ, ಎಳೆಗಳು ಹಿಂದಕ್ಕೆ ನೇರ ಮಲಗಿದ ಕಡೆ ಹರಿವು ಅಂಟಿಕೊಂಡಿದೆಯೆಂದೂ, ದಿಕ್ಕುಗೆಟ್ಟು ಕುಣಿಯುವ ಕಡೆ ಕಳಚಿಕೊಂಡಿದೆಯೆಂದೂ ತಿಳಿಯುತ್ತದೆ.

ರೋಧದ ಪ್ರಮಾಣ ತಿಳಿಯಲು ಉರುಳು ಪರೀಕ್ಷೆ ಬೇಕು, ಅಂದರೆ ನಿರ್ಜನವಾದ ನೇರ ರಸ್ತೆಯಲ್ಲಿ 80 ಕಿ.ಮೀ. ವೇಗದಿಂದ ಗೇರನ್ನು ನ್ಯೂಟ್ರಲ್‌ಗೆ ತಂದು, ವೇಗ 60ಕ್ಕೆ ಇಳಿಯಲು ಹಿಡಿಯುವ ಸಮಯವನ್ನು ಅಳೆಯುವುದು. ಎಂಜಿನ್ನನ್ನು ಮಾತ್ರ ಆರಿಸಕೂಡದು. ಆರಿದರೆ ಪವರ್ ಸ್ಟಿಯರಿಂಗೂ ಬ್ರೇಕಿನ ಬಲವೂ ಕೈಕೊಡುತ್ತವೆ. ಮೊದಲು ಹೇಳಿದ ಕಾರಿಗೆ ಈ ಸಮಯ ಸುಮಾರು 22 ಸೆಕೆಂಡು ಬರುತ್ತದೆ, ವಾಯುರೋಧ 15 ಶೇಕಡಾ ಇಳಿದರೆ 24 ಸೆಕೆಂಡಿನ ಹತ್ತಿರ ಬರುತ್ತದೆ. ಈ ಎರಡು ಸೆಕೆಂಡಿನ ಅಂತರ ಎಷ್ಟು ಸೂಕ್ಷ್ಮವೆಂದರೆ, ನೂರು ಮೀಟರಿಗೆ ಒಂದು ಮೀಟರ್ ಏರುವ, ಕಣ್ಣಿಗೇ ಕಾಣದಂತಹ ಏರು ಆ ಕಾರಿನ ಮೇಲೆ ಬೀರುವ ಎಳೆತ ಮಾರ್ಪಾಡಿನಿಂದಾದ ಉಳಿತಾಯದ ನಾಲ್ಕು ಪಟ್ಟು, ಗಂಟೆಗೆ 10 ಕಿ.ಮೀ.ನ ಎದುರುಗಾಳಿಯ ಪ್ರಭಾವ ಎರಡು ಪಟ್ಟು. ಆದ್ದರಿಂದ ಪರೀಕ್ಷೆಯನ್ನು ಒಂದೇ ರಸ್ತೆಯ ಎರಡೂ ದಿಕ್ಕಿನಲ್ಲಿ ಹಲವು ಬಾರಿ ಮಾಡಿ ಸರಾಸರಿ ತೆಗೆಯಬೇಕು; ಮಾರ್ಪಾಡಿಲ್ಲದೆ, ಮಾರ್ಪಾಡಿನೊಂದಿಗೆ, ಮತ್ತೆ ಮಾರ್ಪಾಡಿಲ್ಲದೆ ಎಂಬ ಮೂರು ಸುತ್ತುಗಳಲ್ಲಿ ಮೊದಲನೆಯದೂ ಕೊನೆಯದೂ ಹೊಂದಿಕೆಯಾಗದಿದ್ದರೆ ಆ ದಿನದ ಲೆಕ್ಕವನ್ನು ಕೈಬಿಡಬೇಕು. ಗಾಳಿ ಬೀಸದ ನಸುಕಿನ ಹೊತ್ತು ಇದಕ್ಕೆ ಸೂಕ್ತ. ಗಾಳಿಯಂತ್ರಗಳ ಸಾಲು ನಿಂತಿರುವ ಚಿತ್ರದುರ್ಗ, ಗದಗ ಸೀಮೆಯಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಅಂಥ ಹೊತ್ತು ಸಿಗುವುದು ಅಪರೂಪ.

ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕು ತುಂಬಿಸಿ, ಮತ್ತೆ ತುಂಬಿಸುವವರೆಗಿನ ದೂರವನ್ನು ಲೀಟರಿನಿಂದ ಭಾಗಿಸುವ ರೂಢಿಯ ವಿಧಾನಕ್ಕೆ ಇದಕ್ಕಿಂತ ಹೆಚ್ಚು ತಾಳ್ಮೆ ಬೇಕು. ನಳಿಕೆ ಎಲ್ಲಿ ತಾನಾಗಿ ನಿಲ್ಲುತ್ತದೆಂಬ ಒಂದೆರಡು ಲೀಟರಿನ ವ್ಯತ್ಯಾಸವೇ 5 ಶೇಕಡಾ ಸುಧಾರಣೆಯನ್ನು ನುಂಗಿಹಾಕಬಲ್ಲದಾದ್ದರಿಂದ, ಅದೇ ಬಂಕು, ಅದೇ ಪಂಪು, ಅದೇ ಟೈರ್ ಒತ್ತಡ, ಅದೇ ಮಾರ್ಗವನ್ನು ಇಟ್ಟುಕೊಂಡು, ಮಾರ್ಪಾಡಿಗೆ ಮೊದಲಿನ ಕೆಲವು ಟ್ಯಾಂಕುಗಳ ಲೆಕ್ಕವನ್ನು ಬರೆದಿಟ್ಟ ನಂತರವೇ ಮೊದಲ ಹಾಳೆಯನ್ನು ಕತ್ತರಿಸಬೇಕು.